ಆರು ಚಕ್ರದ ತೇಲುವ ಗಾಡಿ ಯಾರಿಗೆ ಬೇಕು ಸ್ವಾಮಿ?

ಚೆನ್ನೈನಲ್ಲಿ ಅಕ್ಟೋಬರ್ ಬಂತೆಂದರೆ ಎಲ್ಲರ ಬಾಯಲ್ಲೂ ಎರಡೇ ವಿಷಯ. ಒಂದು ದೀಪಾವಳಿ, ಇನ್ನೊಂದು ಮಳೆ. ಈಚೆಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೂರನೆಯದೂ ಸೇರಿಕೊಂಡಿದೆ. ಅದೇ ನೆಲದಲ್ಲೂ ನೀರಲ್ಲೂ ಓಡುವ ಆರು ಚಕ್ರದ ಗಾಡಿ! ಕೆನಡಾದ ಯಾವುದೋ ಕೆರೆಗೆ ಬಾತುಕೋಳಿ ಹಾಗೆ ಇಳಿದು ಆಚೆ ದಡ ಹತ್ತುವ ವಿಡಿಯೋ ನೋಡಿ ಎಲ್ಲರಿಗೂ ಆಸೆ. "ಸಾರ್, ಇದಕ್ಕೆ ಲೋನ್ ಸಿಗತ್ತಾ?" ಅಂತ ನನ್ನನ್ನೇ ಕೇಳಿದವರಿದ್ದಾರೆ. ಬ್ಯಾಂಕಿನವನು ಪಕ್ಕದ ಮನೆಯಲ್ಲಿದ್ದರೆ ಇದೇ ಪಾಡು ನೋಡಿ.

ನನ್ನ ಉತ್ತರ ಒಂದೇ. ಬೇಡ. ಯಾಕೆ ಅಂತೀರಾ? ಹೇಳ್ತೀನಿ.

ಮೊದಲು ಕಾಗದಪತ್ರದ ಮಾತು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಈ ಜಾತಿಯ ಗಾಡಿಗಳು ಮಾರಾಟವಾಗುವುದೇ "ರಸ್ತೆಗಲ್ಲ" ಅನ್ನುವ ಷರತ್ತಿನ ಮೇಲೆ. ಆರ್‌ಸಿ ಪುಸ್ತಕವೇ ಇಲ್ಲ ಅಂದಮೇಲೆ ಬ್ಯಾಂಕು ತನ್ನ ಸಾಲವನ್ನು ಎಲ್ಲಿ ನಮೂದಿಸಬೇಕು? ಕಾರಿನ ವಿಮೆಯಂಥ ವಿಮೆ ಯಾರು ಕೊಡುತ್ತಾರೆ? ಗಾಡಿ ಗೇಟು ದಾಟಿ ಯಾರಿಗಾದರೂ ತಾಗಿತೋ, ಪರಿಹಾರ ನಿಮ್ಮ ಜೇಬಿನಿಂದಲೇ.

ಇರಲಿ, ದುಡ್ಡಿದೆ, ಕೊಂಡೇ ಬಿಟ್ಟಿರಿ ಅಂದುಕೊಳ್ಳೋಣ. ಅದು ಕಾರಿನ ತಮ್ಮನಲ್ಲ, ಟ್ಯಾಂಕಿನ ತಮ್ಮ. ತಿರುಗಬೇಕಾದರೆ ಮುಂದಿನ ಚಕ್ರ ಹೊರಳುವುದಿಲ್ಲ. ಒಂದು ಬದಿಯ ಮೂರು ಚಕ್ರಕ್ಕೆ ಬ್ರೇಕು ಬಿದ್ದು ಗಾಡಿ ಜಾರಿಕೊಂಡು ತಿರುಗುತ್ತದೆ. ಕೆಸರಲ್ಲಿ ಸುಖ, ಒಣ ಕಾಂಕ್ರೀಟಿನ ಮೇಲೆ ಟೈರೂ ಸವೆಯುತ್ತದೆ, ಒಳಗಿನ ಚೈನೂ ಜಗ್ಗುತ್ತದೆ. ನೀರಿಗೆ ಇಳಿಯುವ ಮುಂಚೆ ತಳದ ಬಿರಡೆಗಳನ್ನೆಲ್ಲ ಹಾಕಿದೆಯಾ ಅಂತ ನೋಡಬೇಕು. ಮರೆತರೆ ತೊಟ್ಟಿಯೊಳಗೆ ಕೂತ ಹಾಗೆ. ನೆಲದ ಮೇಲೆ ಹೊರುವಷ್ಟು ಭಾರವನ್ನು ನೀರಲ್ಲಿ ಹೊರಲಾರದು. ಮೇಲೆ ಬಂದಮೇಲೆ ಚೈನಿಗೆ ಎಣ್ಣೆ, ಬೇರಿಂಗಿಗೆ ಗ್ರೀಸು. ಇನ್ನು ನೀರಿನೊಳಗಿನ ವೇಗ? ಟೈರಿನ ಹಲ್ಲುಗಳೇ ಹುಟ್ಟು. ಗಂಟೆಗೆ ನಾಲ್ಕೈದು ಕಿಲೋಮೀಟರು, ಅದೂ ನಿಂತ ನೀರಲ್ಲಿ.

ಚೆನ್ನೈನ ಪ್ರವಾಹ ನಿಂತ ಕೆರೆಯೇ? 2015ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿ ನೀರು ಬಿಟ್ಟಾಗ ಅಡಯಾರು ನದಿ ಹೇಗೆ ಹರಿಯಿತು ಅಂತ ಕಂಡವರಿಗೆ ಗೊತ್ತು. ಮೇಲಿಂದ ಕರೆಂಟಿನ ತಂತಿ, ಅಡಿಯಲ್ಲಿ ಮುಚ್ಚಳ ಕಿತ್ತ ಮ್ಯಾನ್‌ಹೋಲು, ನಡುವೆ ತೇಲಿಬರುವ ಕಾರು. ಅದರಲ್ಲಿ ಈ ಆಟದ ದೋಣಿ ಎಲ್ಲಿ ನಿಂತೀತು?

ಸರಿ, ಅಭ್ಯಾಸ ಎಲ್ಲಿ ಮಾಡುತ್ತೀರಿ? ಮಾಡದಿದ್ದರೆ ಯುದ್ಧಕಾಲೇ ಶಸ್ತ್ರಾಭ್ಯಾಸ. ಮಾಡಬೇಕೆಂದರೆ ಕಣ್ಣಿಗೆ ಬೀಳುವುದು ಇಸಿಆರ್ ಕಡೆಯ ಕಡಲತೀರ, ಇಲ್ಲವೇ ಪಳ್ಳಿಕರಣೈ ಜೌಗು. ಜನವರಿಯಿಂದ ಏಪ್ರಿಲ್‌ವರೆಗೆ ಆ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಪಳ್ಳಿಕರಣೈ 2022ರಿಂದ ರಾಮ್ಸಾರ್ ತಾಣ. ಊರಿನ ಮಳೆನೀರನ್ನು ಕುಡಿದು ನಮ್ಮನ್ನು ಕಾಪಾಡುವ ಜೌಗನ್ನೇ ತುಳಿದು ಪ್ರವಾಹಕ್ಕೆ ತಯಾರಿ ಮಾಡುವುದೆಂಥ ಜಾಣತನ?

ಆದರೆ ನನ್ನ ನಿಜವಾದ ತಕರಾರು ಬೇರೆ. ಈ ಆಸೆಯ ಹಿಂದೆ ಒಂದು ಶರಣಾಗತಿ ಇದೆ. ಊರು ಮುಳುಗುವುದು ಮುಳುಗಲಿ, ನಾನು ತೇಲಿದರೆ ಸಾಕು! 2024ರ ಅಕ್ಟೋಬರಿನಲ್ಲಿ ವೇಳಚ್ಚೇರಿಯವರು ಮಳೆ ಬರುವ ಮೊದಲೇ ಕಾರುಗಳನ್ನು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿದರಲ್ಲ, ಅವರನ್ನು ನಾನು ಬೈಯುವುದಿಲ್ಲ. ಅದು ಹೆದರಿಕೆ. ಇದು ಬೇರೆ. ಇದು ಶೋಕಿ. ನಾಲ್ಕು ಜನ ಹತ್ತಿಕೊಂಡು ನೀವು ಹೊರಟುಹೋದರೆ ನೆಲಮಹಡಿಯ ಪಾಟಿಯನ್ನು ಯಾರು ಕರೆದೊಯ್ಯುತ್ತಾರೆ? ಅಂದಹಾಗೆ ಆ ಗಾಡಿ ನಿಲ್ಲುವುದು ಬೇಸ್‌ಮೆಂಟಿನಲ್ಲಿ. ನೀರು ಮೊದಲು ನುಗ್ಗುವುದೂ ಅಲ್ಲಿಗೇ.

2015ರಲ್ಲಿ ಜನರನ್ನು ಹೊತ್ತವರು ಕಡಲಿನಿಂದ ದೋಣಿ ತಂದ ಮೀನುಗಾರರು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಕಾರಪಾಕ್ಕಂನಿಂದ ಆಮೀರ್ ಖಾನ್ ಅಂಥವರೂ ಹೊರಬಂದದ್ದು ರಕ್ಷಣಾ ದೋಣಿಯಲ್ಲಿಯೇ. ನಮ್ಮ ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಕೋಟಿ ಬೆಲೆಯ ಕಾರುಗಳು ಮುಳುಗಿ ಕೂತಾಗ ಸಾಫ್ಟ್‌ವೇರ್ ಮಂದಿಯನ್ನು ಆಫೀಸಿಗೆ ಸೇರಿಸಿದ್ದು ಟ್ರ್ಯಾಕ್ಟರು.

ತೇಲುವ ಗಾಡಿಯೇ ಬೇಡ ಅನ್ನುತ್ತಿಲ್ಲ ನಾನು. 2025ರ ಪಂಜಾಬ್ ಪ್ರವಾಹದಲ್ಲಿ ಸೇನೆಯವರು ದೊಡ್ಡ ಚಕ್ರದ ಉಭಯಚರ ಗಾಡಿ ಇಳಿಸಿ ಊರವರನ್ನು ಹೊರತಂದರು. ತರಬೇತಿ ಪಡೆದವರ ಕೈಯಲ್ಲಿ ಅದಕ್ಕೆ ಬೆಲೆ ಇದೆ. ಅಂಥದ್ದು ವೇಳಚ್ಚೇರಿಯ, ಮುಡಿಚ್ಚೂರಿನ ಅಗ್ನಿಶಾಮಕ ಠಾಣೆಯಲ್ಲಿ ನಿಲ್ಲಲಿ. ಅರಕ್ಕೋಣಂನ ಎನ್‌ಡಿಆರ್‌ಎಫ್ ಪಡೆಯ ಬಳಿ ಇರಲಿ. ನಮ್ಮ ತೆರಿಗೆಯಲ್ಲೇ ಕೊಳ್ಳಲಿ, ನಾನು ಖುಷಿಯಾಗಿ ಕೊಡ್ತೀನಿ.

2015ರದು ಮನುಷ್ಯರೇ ತಂದುಕೊಂಡ ಅನಾಹುತ ಅಂತ ಸಿಎಜಿ ವರದಿಯೇ ಹೇಳಿತು. ಅದು 2018ರಲ್ಲಿ ವಿಧಾನಸಭೆಯ ಮುಂದೆ ಬಂತು. ಗಾಡಿಯ ಬ್ರೋಷರ್ ಓದುವ ಮೊದಲು ಅದನ್ನು ಓದಿ. ಮನೆ ಕೊಳ್ಳುವಾಗ ಆ ಜಾಗ ಹಿಂದೆ ಕೆರೆಯಾಗಿತ್ತೇ ಅಂತ ಕೇಳಿ. ನಿಮ್ಮ ಬೀದಿಯ ಮಳೆನೀರು ಕಾಲುವೆ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ವಾರ್ಡ್ ಕೌನ್ಸಿಲರನ್ನು ಬೇಸಿಗೆಯಲ್ಲೇ ಹಿಡಿದು ಕೇಳಿ. ನಾವು ಹೊರಗಿನಿಂದ ಬಂದವರು, ನಮಗ್ಯಾಕೆ ಅನ್ನಬೇಡಿ. ಮುಳುಗುವಾಗ ನೀರು ಕನ್ನಡದವರು, ತಮಿಳಿನವರು ಅಂತ ನೋಡುವುದಿಲ್ಲ.