ಶಿಷ್ಯನನ್ನೇ ನಂಬದ ಗುರು

ಪಾಠ ಹೇಳಿದವರೇ ಪ್ರಮಾಣಪತ್ರವನ್ನೂ ಕೊಟ್ಟುಕೊಂಡರೆ ಏನಾಗುತ್ತದೆ ಎಂದು ತಿಳಿಯಲು 1950ರ ದಕ್ಷಿಣ ಕೊರಿಯಾವನ್ನು ನೋಡಬೇಕು. ಅಲ್ಲಿನ ಸೈನ್ಯಕ್ಕೆ ತರಬೇತಿ ಕೊಡುತ್ತಿದ್ದ ಅಮೆರಿಕದ ಸಲಹಾ ತಂಡದಲ್ಲಿ ಇದ್ದವರು ಸುಮಾರು 500 ಮಂದಿ. ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ವಿಲಿಯಂ ರಾಬರ್ಟ್ಸ್ ತಮ್ಮ ಶಿಷ್ಯರನ್ನು ಪತ್ರಕರ್ತರ ಮುಂದೆ ಹೊಗಳಿ ಅಟ್ಟಕ್ಕೇರಿಸಿದ್ದರು.

ಜೂನ್ 25, ಭಾನುವಾರ. ಗಡಿಯ ಕೆಸಾಂಗ್‌ನಲ್ಲಿದ್ದ ಸಲಹೆಗಾರ ಕ್ಯಾಪ್ಟನ್ ಜೋಸೆಫ್ ಡಾರಿಗೊ ನಸುಕಿನಲ್ಲಿ ಫಿರಂಗಿ ಸದ್ದಿಗೆ ಎದ್ದು ಜೀಪು ಹತ್ತಿದರು. ಊರೊಳಗೆ ಬಂದರೆ, ರೈಲು ನಿಲ್ದಾಣದಲ್ಲಿ ಉತ್ತರ ಕೊರಿಯಾದ ಸೈನಿಕರು ರೈಲಿನಿಂದ ದಂಡುದಂಡಾಗಿ ಇಳಿಯುತ್ತಿದ್ದಾರೆ! ಗುಂಡಿನ ಮಳೆಯ ನಡುವೆ ಜೀಪು ದಕ್ಷಿಣಕ್ಕೆ ಓಡಿತು. ಮೂರೇ ದಿನಕ್ಕೆ ಸೋಲ್ ಬಿತ್ತು.

ಕೊರಿಯನ್ನರು ಹೇಡಿಗಳಾಗಿರಲಿಲ್ಲ. ಅವರ ಬಳಿ ಒಂದೇ ಒಂದು ಟ್ಯಾಂಕ್ ಇರಲಿಲ್ಲ, ಅಷ್ಟೇ. 2.36 ಇಂಚಿನ ಬಜೂಕಾದ ಗುಂಡು ಉತ್ತರದವರ ಸೋವಿಯತ್ ಟಿ-34 ಟ್ಯಾಂಕಿಗೆ ಲೆಕ್ಕಕ್ಕೇ ಇರಲಿಲ್ಲ. ಟ್ಯಾಂಕ್ ಕೇಳಿದಾಗ, ಈ ಗುಡ್ಡಗಾಡಿಗೆ ಅದು ಹೊಂದುವುದಿಲ್ಲ ಎಂಬ ಉತ್ತರ ಬಂದಿತ್ತು. ಒಳಗಿನ ಅಂಜಿಕೆಯೇ ಬೇರೆ: ಭಾರಿ ಆಯುಧ ಸಿಕ್ಕರೆ ಅಧ್ಯಕ್ಷ ಸಿಂಗ್ಮನ್ ರೀ ತಾವಾಗಿ ಉತ್ತರದ ಮೇಲೆ ಏರಿಹೋದಾರು! ಗುರುವಿಗೆ ಶತ್ರುವಿಗಿಂತ ಶಿಷ್ಯನದೇ ಹೆಚ್ಚು ಭಯ.

ಈ ಅಪನಂಬಿಕೆಯ ಬೇರು ಹಳೆಯದು. 1946ರಲ್ಲಿ ಶುರುವಾದದ್ದು ಸೈನ್ಯವಲ್ಲ, ಪೊಲೀಸರ ಬೆನ್ನಿಗೆ ನಿಲ್ಲುವ ಮೀಸಲು ಪಡೆ. ಅಮೆರಿಕನ್ನರು ಇಂಗ್ಲಿಷ್ ಕಲಿಸಿ ಅಧಿಕಾರಿಗಳನ್ನಾಗಿ ಮಾಡಿದವರಲ್ಲಿ ಬಹಳಷ್ಟು ಮಂದಿ ಕೊರಿಯಾವನ್ನು ಆಳಿದ್ದ ಜಪಾನಿನ ಅಥವಾ ಅದರ ಕೈಗೊಂಬೆ ಮಂಚೂಕುವೊದ ಸೈನ್ಯದಲ್ಲಿ ಇದ್ದವರು. ನಿನ್ನೆಯ ದೊರೆಗೆ ದುಡಿದವರು ಇಂದು ಸ್ವತಂತ್ರ ದೇಶದ ಕಾವಲುಗಾರರು! 1948ರ ಅಕ್ಟೋಬರ್‌ನಲ್ಲಿ ಯೊಸು ಪಟ್ಟಣದಲ್ಲಿದ್ದ ರೆಜಿಮೆಂಟೇ ದಂಗೆಯೆದ್ದಿತು. ಅದನ್ನು ಅಡಗಿಸುವಾಗ ಸಾಮಾನ್ಯ ಜನರೂ ಹೆಣವಾದರು. ಪಕ್ಕದಲ್ಲೇ ಇದ್ದ ಸಲಹೆಗಾರರು ಕೈತೊಳೆದುಕೊಳ್ಳುವಂತಿಲ್ಲ.

ನಿಜವಾದ ತರಬೇತಿ ಸಿಕ್ಕಿದ್ದು ಯುದ್ಧ ಹತ್ತಿದ ಮೇಲೆಯೇ. 1951ರಿಂದ ಅಮೆರಿಕದ ಜನರಲ್ ವ್ಯಾನ್ ಫ್ಲೀಟ್ ಒಂದೊಂದೇ ಡಿವಿಷನ್ನನ್ನು ರಣರಂಗದಿಂದ ಹಿಂದಕ್ಕೆ ಕರೆಸಿ, ವಾರಗಟ್ಟಲೆ ಮೊದಲಿಂದ ಪಾಠ ಮಾಡಿಸಿದರು. ಸೈನ್ಯ ಗಟ್ಟಿಯಾಯಿತು.

ಆದರೆ ಯಾರ ಮಾತು ಕೇಳುವ ಸೈನ್ಯ? ಅದರ ಹತೋಟಿಯನ್ನು ರೀ 1950ರ ಜುಲೈನಲ್ಲೇ ಅಮೆರಿಕದ ಜನರಲ್ ಮೆಕಾರ್ಥರ್‌ಗೆ ಒಪ್ಪಿಸಿದ್ದರು. ಹಾಗಿದ್ದೂ 1953ರ ಜೂನ್ 18ರಂದು ರೀ ಗುಟ್ಟಾಗಿ ಹೇಳಿ ಕಳಿಸಿದ್ದೇ ತಡ, ಕೊರಿಯನ್ ಕಾವಲುಗಾರರು ಶಿಬಿರಗಳಿಂದ ಊರಿಗೆ ಮರಳಲು ಒಪ್ಪದ ಸುಮಾರು 27,000 ಯುದ್ಧಕೈದಿಗಳನ್ನು ಹೊರಗೆ ಬಿಟ್ಟರು. ಕದನವಿರಾಮದ ಮಾತುಕತೆ ತಲೆಕೆಳಗಾಗುವುದರಲ್ಲಿತ್ತು. ಉಳಿದ ಅಂಥ ಕೈದಿಗಳ ತಲೆನೋವು ಕೊನೆಗೆ ಬಂದದ್ದು ತಟಸ್ಥ ರಾಷ್ಟ್ರಗಳ ಆಯೋಗದ ಮುಖ್ಯಸ್ಥರಾದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಪಾಲಿಗೆ.

ಶಾಂತಿಕಾಲದ ಹತೋಟಿ 1994ರಲ್ಲಿ ಸೋಲ್‌ಗೆ ಮರಳಿತು. ಯುದ್ಧ ಬಂದರೆ ಆಜ್ಞೆ ಕೊಡುವವರು ಇಂದಿಗೂ ಅಮೆರಿಕದ ಜನರಲ್ಲೇ.