ಬಣ್ಣ ನೋಡಿ ಪಾಸು ಮಾಡಬೇಡಿ

ಕ್ರೇನಿನ ವೈರ್ ರೋಪ್ ತಪಾಸಣೆ ಮಾಡುವುದೇ ನನ್ನ ನೌಕರಿಯಾಗಿತ್ತು. ನಿವೃತ್ತಿಯಾದರೂ ಕಣ್ಣು ಹಳೆಯ ಚಾಳಿ ಬಿಟ್ಟಿಲ್ಲ. ಪುಣೆಯ ಖಡಕಿ ಬಜಾರಿಗೆ ತರಕಾರಿ ತರಲು ಹೋದರೂ ಮೊದಲು ಕಾಣುವುದು ಕರೆಂಟು ಕಂಬದ ಸ್ಟೇ ವೈರು, ಹೋರ್ಡಿಂಗಿನ ಬುಡದ ಬೋಲ್ಟು.

ಈ ವಿಷಯದಲ್ಲಿ ನನಗೆ ಹಾಯಿದೋಣಿಯವರ ಶಿಸ್ತು ಮೆಚ್ಚು. ನಮ್ಮ ಪಕ್ಕದ ದಾಪೋಡಿಯಲ್ಲಿ ಸೇನೆಯ ಇಂಜಿನಿಯರಿಂಗ್ ಕಾಲೇಜಿದೆ. ಸೇನೆಯ ಇಂಜಿನಿಯರ್ ದಳದವರೇ 1985ರಲ್ಲಿ ಹೊರಟು 1987ರಲ್ಲಿ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರು. ಭಾರತೀಯರಲ್ಲಿ ಅವರೇ ಮೊದಲಿಗರು. ಅಂಥ ದೋಣಿಯ ಕಂಬವನ್ನು ಹಿಂದೆ, ಮುಂದೆ, ಎಡಬಲಕ್ಕೆ ಬಿಗಿದ ಉಕ್ಕಿನ ತಂತಿಗಳು ಹಿಡಿದಿರುತ್ತವೆ. ಗಾಳಿ ಬರುವ ಕಡೆಯ ತಂತಿ ಬಿಗಿದರೆ ಆಚೆಯದು ಸಡಿಲ. ದೋಣಿ ತಿರುಗಿದರೆ ಅದೂ ಅದಲುಬದಲು. ಎಳೆದು ಬಿಟ್ಟು, ಎಳೆದು ಬಿಟ್ಟು ಉಕ್ಕು ದಣಿಯುತ್ತದೆ. ತುದಿಯ ಹಿಡಿಕೆಯೊಳಗೆ ಉಪ್ಪುನೀರು ಇಳಿದು, ಹೊರಗೆ ತಂತಿ ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ತಿಂದು ಹಾಕಿರುತ್ತದೆ. ಅದಕ್ಕೇ ಹತ್ತು ವರ್ಷ ದಾಟಿದ ತಂತಿ ಚೆನ್ನಾಗಿ ಕಂಡರೂ ಬದಲಿಸಿ ಎಂದು ಎಷ್ಟೋ ವಿಮೆಯವರು ಪಟ್ಟು ಹಿಡಿಯುತ್ತಾರೆ.

ಹೊಸ ತಂತಿಯಿದ್ದರೆ ಅಪಾಯವೇ ಇಲ್ಲವೆಂದಲ್ಲ. ಒಬ್ಬಂಟಿಯಾಗಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ಹಾಯಿದೋಣಿ ಸ್ಪರ್ಧೆಯಲ್ಲಿ ನಮ್ಮ ಅಭಿಲಾಷ್ ಟಾಮಿಯ ‘ತುರೀಯ’ ಹಿಂದೂ ಮಹಾಸಾಗರದ ಬಿರುಗಾಳಿಗೆ ಉರುಳಿ ಕಂಬ ಕಳೆದುಕೊಂಡಿತು. ಬೆನ್ನುಮೂಳೆಗೆ ಪೆಟ್ಟು ಬಿದ್ದ ಅವರನ್ನು ಮೂರು ದಿನದ ಮೇಲೆ ಫ್ರೆಂಚ್ ಹಡಗು ಕಾಪಾಡಿತು. ಅದೇ ಸ್ಪರ್ಧೆಯಲ್ಲಿ ಫ್ರಾನ್ಸಿನ ಜಾಂ-ಲುಕ್ ವಾನ್ ಡೆನ್ ಹೇಡ್ ಅವರ ದೋಣಿಯೂ ಪೆಸಿಫಿಕ್‌ನಲ್ಲಿ ಅಡ್ಡಬಿತ್ತು. ಪಕ್ಕದ ತಂತಿಗಳನ್ನು ಕಂಬಕ್ಕೆ ಕಚ್ಚಿಸಿದ್ದ ಬೋಲ್ಟು ಕೆಳಜಾರಿ ಕಂಬವನ್ನೇ ಸೀಳಿತ್ತು. 73ರ ಆ ಅಜ್ಜ ನಡುಸಮುದ್ರದಲ್ಲಿ ಮತ್ತೆ ಮತ್ತೆ ಕಂಬ ಹತ್ತಿ ರಿಪೇರಿ ಮಾಡಿಕೊಂಡು, ಕೊನೆಗೆ ಗೆದ್ದೂಬಿಟ್ಟರು! ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿತ್ತು.

ನಮ್ಮ ಬೀದಿಯಲ್ಲಿ? ಹೋರ್ಡಿಂಗಿಗೆ ಬಣ್ಣ ಬಳಿಯುತ್ತಿದ್ದ ಇಂಡಿ ಕಡೆಯ ಹುಡುಗನಿಗೆ ಬುಡದ ತುಕ್ಕು ತೋರಿಸಿದೆ. “ಬಣ್ಣ ಹೊಡದ್ರ ಎಲ್ಲಾ ಮುಚ್ಚತೈತ್ರೀ ಕಾಕಾ” ಅಂದ. ಅವನನ್ನು ಬೈದು ಏನು ಫಲ? ಅವನ ಕೈಗೆ ಕೊಟ್ಟಿದ್ದು ಬ್ರಷ್ಷು, ಸ್ಪ್ಯಾನರ್ ಅಲ್ಲ.

ಹೋರ್ಡಿಂಗ್ ಎಂದರೆ ಬಿರುಗಾಳಿಯಲ್ಲೂ ಇಳಿಸದ ಹಾಯಿ. ಪುಣೆ ಹತ್ತಿರದ ಕಿವಳೆಯಲ್ಲಿ, ಮುಂಬೈ–ಬೆಂಗಳೂರು ಹೆದ್ದಾರಿಯ ಪಕ್ಕ, 2023ರ ಏಪ್ರಿಲ್ 17ರಂದು ಒಂದು ಬಿದ್ದು ಐವರು ಸತ್ತರು. ಮರುವರ್ಷ ಮೇ 13ಕ್ಕೆ ಮುಂಬೈಯ ಘಾಟ್‌ಕೋಪರ್‌ನಲ್ಲಿ 17 ಮಂದಿ. ಆಮೇಲಿನ ಗದ್ದಲವೆಲ್ಲ ಹೆಚ್ಚಾಗಿ ಪರವಾನಗಿಯದು. ಪರವಾನಗಿ ಬೇಕು, ಸರಿ. ಆದರೆ ಗಾಳಿ ಅದನ್ನು ಓದುವುದಿಲ್ಲವಲ್ಲ.

ಹೋರ್ಡಿಂಗಿನ ಸ್ಟ್ರಕ್ಚರಲ್ ಆಡಿಟ್ ಎಂದರೆ ಬುಡದ ಮಣ್ಣು ಕೆದರಿ, ಬಣ್ಣ ಕೆರೆದು, ಬೋಲ್ಟು ಬಿಚ್ಚಿ ನೋಡಬೇಕು. ಯಾವಾಗ ಹಾಕಿದ್ದು, ಯಾವಾಗ ಬದಲಿಸಬೇಕು ಎಂಬ ತಗಡಿನ ಫಲಕ ದಾರಿಹೋಕನ ಕಣ್ಣಿಗೆ ಕಾಣುವಂತಿರಲಿ. ಇನ್ನು ಗಡುವು. ಆ ಎರಡೂ ಹೋರ್ಡಿಂಗ್ ಬಿದ್ದದ್ದು ಮುಂಗಾರು ಬರುವ ಮೊದಲಿನ ಗಾಳಿಗೆ. ಪಾಲಿಕೆಯವರು ಮೇ ಕೊನೆಗೆ ಆಡಿಟ್ ಸರ್ಟಿಫಿಕೇಟು ತರಿಸಿಕೊಂಡರೆ ಅಷ್ಟರಲ್ಲಿ ಬೀಳುವುದು ಬಿದ್ದಿರುತ್ತದೆ. ಫೆಬ್ರುವರಿಗೇ ಮುಗಿಸಿ. ಮುಗಿಸದವರ ಫ್ಲೆಕ್ಸನ್ನು ಮಾರ್ಚ್ 1ಕ್ಕೆ ಕತ್ತರಿಸಿ ಇಳಿಸಿ. ಬರೀ ಚೌಕಟ್ಟು ನಿಂತಿರಲಿ, ಗಾಳಿ ಅದರೊಳಗಿಂದ ಹಾದು ಹೋಗುತ್ತದೆ.