ಕೊಳವೆಗೆ ಕಾವಲುಂಟು, ಊರಿಗೆ?

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಯಾವ ಅನಿಲ ಕೊಳವೆಯೂ ಸಿಡಿದಿಲ್ಲ. ಸಿಡಿಯದಿರಲಿ ಎಂಬುದೇ ಎಲ್ಲರ ಹಾರೈಕೆ. ಆದರೆ ಹಾರೈಕೆ ಕಾನೂನಲ್ಲ. 1996ರಲ್ಲಿ ದೇಶಕ್ಕೆ ಪ್ರಧಾನಮಂತ್ರಿಯನ್ನು ಕೊಟ್ಟ ಈ ಊರಿನ ರೈತನೊಬ್ಬ, ಪಕ್ಕದ ಅರಕಲಗೂಡಿನ ಅಥವಾ ಚನ್ನರಾಯಪಟ್ಟಣದ ತೆಂಗಿನ ತೋಟದವನೊಬ್ಬ, ತನ್ನ ಜಿಲ್ಲೆಯ ನೆಲದಡಿಯಲ್ಲಿ ಏನು ಹರಿಯುತ್ತಿದೆ, ಅದನ್ನು ಕಾಯುವವರು ಯಾರು, ಒಡೆದರೆ ಹೊಣೆ ಯಾರದು ಎಂದು ಕೇಳಿದರೆ ತಾಲ್ಲೂಕು ಕಚೇರಿಯಲ್ಲಿ ಉತ್ತರ ದೊರೆಯುತ್ತದೆಯೇ? ಅವನನ್ನು ದೆಹಲಿಗೆ, ನೋಯ್ಡಾಕ್ಕೆ, ನಾಗಪುರಕ್ಕೆ ಕಳುಹಿಸಿಕೊಡುವ ವ್ಯವಸ್ಥೆಯೊಂದನ್ನು ಪ್ರಭುತ್ವ ಕಟ್ಟಿಟ್ಟಿದೆ. ಆ ವ್ಯವಸ್ಥೆಗೆ ಸುರಕ್ಷತೆ ಎಂದು ಹೆಸರು.

ಹಾಸನ ಇಂದು ಕೊಳವೆಗಳ ಜಿಲ್ಲೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಸುಮಾರು 360 ಕಿ.ಮೀ. ಉದ್ದದ ಕೊಳವೆ 2003ರಿಂದ ಇದೆ. ಅದರ ನಂತರ ಮಂಗಳೂರು–ಹಾಸನ–ಮೈಸೂರು–ಸೋಲೂರು ನಡುವೆ ಅಡುಗೆ ಅನಿಲದ ಸುಮಾರು 400 ಕಿ.ಮೀ. ಕೊಳವೆ ಬಂತು. ಮನೆಮನೆಗೆ ನೈಸರ್ಗಿಕ ಅನಿಲ ಹಂಚುವ ಯೋಜನೆಯಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳನ್ನು ಒಂದೇ ವಲಯವೆಂದು ಗುರುತಿಸಲಾಗಿದೆ. ಘಟ್ಟದ ಕೆಳಗಿನಿಂದ ಮೇಲಕ್ಕೆ, ಕಾಡು, ಕಾಫಿ ತೋಟ, ಗದ್ದೆಗಳನ್ನು ದಾಟಿ ಬಯಲುಸೀಮೆಯ ಅಂಚಿಗೆ ಇಂಧನ ಹರಿಯುತ್ತಿದೆ.

ಕೊಳವೆಯೇ ಬೇಡವೆಂದು ವಾದಿಸುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. 2013ರ ಏಪ್ರಿಲ್ 9ರಂದು ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ, ಹೆದ್ದಾರಿ ಬದಿಯ ಮನೆಗಳಲ್ಲಿದ್ದವರು ಬೆಂಕಿಗೆ ಆಹುತಿಯಾದುದನ್ನು ಕರಾವಳಿ ಮತ್ತು ಮಲೆನಾಡು ಮರೆತಿಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2012ರ ಆಗಸ್ಟ್‌ನಲ್ಲಿ, ಕಣ್ಣೂರಿನ ಚಾಲದಲ್ಲಿ ಇಂಥದೇ ದುರಂತ ನಡೆದಿತ್ತು. ಶಿರಾಡಿಯ ತಿರುವುಗಳಲ್ಲಿ ಸಾಲುಗಟ್ಟಿ ಏರುವ ಟ್ಯಾಂಕರುಗಳಿಗಿಂತ ನೆಲದಡಿಯ ಕೊಳವೆ ಕಡಿಮೆ ಅಪಾಯದ್ದೆಂಬ ಮಾತನ್ನು ಒಪ್ಪಬಹುದು. ಆದರೆ ಆ ಸುರಕ್ಷತೆ ಉಕ್ಕಿನ ಗುಣವಲ್ಲ, ಕಾವಲಿನ ಗುಣ. ಕಾವಲು ಸಡಿಲವಾದರೆ ಟ್ಯಾಂಕರ್ ಒಂದು ತಿರುವಿನಲ್ಲಿ ಮಾಡುವ ಅನಾಹುತವನ್ನು ಕೊಳವೆ ಊರಿನ ನಡುವೆಯೇ ಮಾಡುತ್ತದೆ.

ನಗರಂ ಕಲಿಸಿದ ಪಾಠ

2014ರ ಜೂನ್ 27ರ ನಸುಕು. ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮ. ಕೋನಸೀಮೆಯ ಆ ಊರು ತೆಂಗಿನ ತೋಟಗಳ ನಡುವೆ ಇದೆ. ಚನ್ನರಾಯಪಟ್ಟಣದವರಿಗೆ ಅಪರಿಚಿತವೆನಿಸದ ನೋಟ. ಊರಿನ ಮಗ್ಗುಲಲ್ಲೇ ಗೇಲ್ ಸಂಸ್ಥೆಯ 18 ಅಂಗುಲದ ನೈಸರ್ಗಿಕ ಅನಿಲ ಕೊಳವೆ. ಅದು ಸೋರಿ, ಅನಿಲ ಮನೆ, ಅಂಗಡಿ, ತೋಟಗಳ ಮೇಲೆಲ್ಲ ಹರಡಿ ನಿಂತಿತ್ತು. ಬೆಳಗಿನ ಮೊದಲ ಕಿಡಿ ತಗುಲಿದೊಡನೆ ಊರಿನ ಒಂದು ಭಾಗವೇ ಹೊತ್ತಿ ಉರಿಯಿತು. 20ಕ್ಕೂ ಹೆಚ್ಚು ಮಂದಿ ಸತ್ತರು. ಮಲಗಿದ್ದವರು ಮಲಗಿದ್ದಲ್ಲೇ, ಓಡಿದವರು ಓಡಿದಲ್ಲೇ ಬೆಂದರು. ತೆಂಗಿನ ಮರಗಳು ಕರಿಕಂಬಗಳಾಗಿ ನಿಂತವು.

ಕಾರಣ ಅನೂಹ್ಯವಾದುದೇನೂ ಆಗಿರಲಿಲ್ಲ. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರಿನಂಶ ಬೆರೆತ ಅನಿಲ ಹರಿಯುತ್ತಿತ್ತು. ನೀರು ತಳದಲ್ಲಿ ನಿಂತರೆ ಉಕ್ಕು ಒಳಗಿನಿಂದ ತುಕ್ಕು ಹಿಡಿದು ತೆಳುವಾಗುತ್ತದೆ ಎಂಬುದು ಐ.ಟಿ.ಐ. ಓದಿದ ಹುಡುಗನಿಗೂ ಗೊತ್ತಿರುವ ಸಂಗತಿ. ಅನಿಲದಿಂದ ತೇವಾಂಶ ತೆಗೆಯಬೇಕಾದ ಘಟಕ ಇರಲಿಲ್ಲ. ಸೋರಿಕೆಯ ಬಗ್ಗೆ ಮೊದಲೇ ದೂರಿದ್ದೆವೆಂದು ಗ್ರಾಮಸ್ಥರು ಹೇಳಿದರು. ಇದು ವಿಧಿಯ ಆಟವಲ್ಲ. ವರ್ಷಗಳ ಕಾಲ ಕಣ್ಣೆದುರಿಗಿದ್ದ ತಪ್ಪು.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಆ ಹೊತ್ತಿಗೆ ನಿಯಮಗಳಿಗೆ ಕೊರತೆಯಿರಲಿಲ್ಲ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ಕಾಯ್ದೆ 2006ರಲ್ಲೇ ಬಂದಿತ್ತು. ಅನಿಲ ಕೊಳವೆಗಳ ತಾಂತ್ರಿಕ ಮತ್ತು ಸುರಕ್ಷತಾ ಮಾನದಂಡಗಳು 2009ರಲ್ಲಿ, ತುರ್ತು ಪರಿಸ್ಥಿತಿ ಮತ್ತು ವಿಪತ್ತು ನಿರ್ವಹಣೆಯ ನಿಯಮಾವಳಿ 2010ರಲ್ಲಿ, ಕೊಳವೆಗಳ ದೃಢತೆಯನ್ನು ಕಾಯ್ದುಕೊಳ್ಳುವ ನಿಯಮಾವಳಿ 2012ರಲ್ಲಿ ಪ್ರಕಟವಾಗಿದ್ದವು. ನಗರಂ ಉರಿದದ್ದು ಇಷ್ಟೆಲ್ಲ ಕಾಗದ ಸಿದ್ಧವಾದ ಮೇಲೆ. ಬೆಂಕಿಯ ನಂತರ ಸಚಿವರು ಬಂದರು, ಪರಿಹಾರ ಘೋಷಣೆಯಾಯಿತು, ತನಿಖೆಗೆ ಆದೇಶವಾಯಿತು. ಬೆಂಕಿಗೆ ಮುನ್ನ ಬರಬೇಕಾಗಿದ್ದ ಇನ್ಸ್‌ಪೆಕ್ಟರ್ ಎಲ್ಲಿದ್ದ ಎಂಬ ಪ್ರಶ್ನೆ ಮಾತ್ರ ಹೆಣಗಳ ಜೊತೆ ಮಣ್ಣಾಯಿತು.

ರೈತನಿಗೊಂದು ಕಾನೂನು, ಕೊಳವೆಗೊಂದು

ಕೊಳವೆಯ ವಿಷಯದಲ್ಲಿ ಪ್ರಭುತ್ವಕ್ಕೆ ಕಠಿಣವಾಗಲು ಬರುವುದಿಲ್ಲವೆಂದಲ್ಲ. ಅದು ಯಾರ ಮೇಲೆ ಕಠಿಣವಾಗುತ್ತದೆ ಎಂಬುದನ್ನು ನೋಡಬೇಕು. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಕಾಯ್ದೆಯ ಪ್ರಕಾರ ಸರ್ಕಾರ ರೈತನ ಭೂಮಿಯನ್ನು ಕೊಳ್ಳುವುದಿಲ್ಲ, ಅದರ ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಪಹಣಿಯಲ್ಲಿ ಹೆಸರು ರೈತನದೇ. ಆದರೆ ಆ ಪಟ್ಟಿಯಲ್ಲಿ ಆತ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆಕಟ್ಟೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು ನೆಟ್ಟು ಬದುಕುವ ಸೀಮೆಯಲ್ಲಿ ಮರ ನೆಡಬಾರದೆಂದರೆ ಏನರ್ಥ? ಇದಕ್ಕೆ ಕಾಯ್ದೆ ಕೊಡುವ ಬೆಲೆ, ಬೆಳೆನಷ್ಟದ ಹೊರತಾಗಿ, ಭೂಮಿಯ ಮಾರುಕಟ್ಟೆ ದರದ ನೂರಕ್ಕೆ ಹತ್ತು ಭಾಗ. ಅಪಾಯದ ಮಗ್ಗುಲಲ್ಲಿ ತಲೆಮಾರುಗಟ್ಟಲೆ ಮಲಗುವುದಕ್ಕೆ ಬೆಲೆಯೇ ಇಲ್ಲ.

ಕೊಳವೆಗೆ ಕನ್ನ ಹಾಕಿ ತೈಲ ಕದಿಯುವವರನ್ನು ಮಟ್ಟಹಾಕಲು 2011ರ ತಿದ್ದುಪಡಿಯ ಮೂಲಕ ಇದೇ ಕಾಯ್ದೆಯನ್ನು ಬಿಗಿಗೊಳಿಸಲಾಯಿತು. ಕೊಳವೆಗೆ ಹಾನಿ ಮಾಡಿದವನಿಗೆ ವರ್ಷಗಟ್ಟಲೆ ಕಠಿಣ ಸಜೆ. ಕಳ್ಳನನ್ನು ಶಿಕ್ಷಿಸಬಾರದೆಂದು ಯಾರೂ ಹೇಳುವುದಿಲ್ಲ. ಕನ್ನ ಹಾಕಿದ ಕೊಳವೆ ಊರಿಗೇ ಅಪಾಯ. ಆದರೆ ಹೊರಗಿನಿಂದ ರಂಧ್ರ ಕೊರೆದವನಿಗೆ ಸೆರೆಮನೆಯಾದರೆ, ಒಳಗಿನಿಂದ ತುಕ್ಕು ಹಿಡಿಯಲು ಬಿಟ್ಟವನಿಗೆ ಏನು? 2006ರ ಕಾಯ್ದೆಯ 28ನೇ ಕಲಂ ಅನ್ವಯ ನಿಯಂತ್ರಣ ಮಂಡಳಿ ವಿಧಿಸಬಹುದಾದ ಸಿವಿಲ್ ದಂಡ ಒಂದು ಉಲ್ಲಂಘನೆಗೆ 1 ಕೋಟಿ ರೂಪಾಯಿ ಮೀರುವಂತಿಲ್ಲ. ತಪ್ಪು ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ ಇದು ಶಿಕ್ಷೆಯಲ್ಲ, ಖರ್ಚಿನ ಬಾಬತ್ತು. ಕಂಪನಿಯೇ ಸರ್ಕಾರದ್ದಾದರೆ ದಂಡದ ಹಣ ಸಾರ್ವಜನಿಕರ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ. ತಪ್ಪು ಮಾಡಿದ ಅಧಿಕಾರಿಯ ಜೇಬು ಮುಟ್ಟುವುದೇ ಇಲ್ಲ.

ಕಾವಲುಗಾರನ ಒಡೆಯ ಯಾರು?

ತೈಲೋದ್ಯಮದ ಸುರಕ್ಷತೆಯ ಮೇಲೆ ಕಣ್ಣಿಡಲು 1986ರಲ್ಲಿ ಸ್ಥಾಪನೆಯಾದ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ಪೆಟ್ರೋಲಿಯಂ ಸಚಿವಾಲಯದ ಅಧೀನದಲ್ಲಿದೆ. ಗೇಲ್, ಹಿಂದೂಸ್ತಾನ್ ಪೆಟ್ರೋಲಿಯಂ, ಇಂಡಿಯನ್ ಆಯಿಲ್ ಕಂಪನಿಗಳೂ ಅದೇ ಸಚಿವಾಲಯದ ಕೆಳಗಿವೆ. ಕೊಳವೆಯ ಉದ್ದವನ್ನು ಹೆಚ್ಚಿಸಿ ಬೆನ್ನು ತಟ್ಟಿಸಿಕೊಳ್ಳಬೇಕಾದ ಮನೆಯ ಯಜಮಾನನೇ ಆ ಕೊಳವೆಯಲ್ಲಿ ತಪ್ಪು ಹುಡುಕುವವನ ಯಜಮಾನನೂ ಆಗಿದ್ದಾನೆ. ನಿರ್ದೇಶನಾಲಯ ನೋಯ್ಡಾದಲ್ಲಿ, ನಿಯಂತ್ರಣ ಮಂಡಳಿ ದೆಹಲಿಯಲ್ಲಿ, ಸ್ಫೋಟಕಗಳ ಸುರಕ್ಷತಾ ಸಂಸ್ಥೆ ನಾಗಪುರದಲ್ಲಿ. ದುರಂತ ನಡೆದಾಗ ಮೊದಲು ಓಡಬೇಕಾದವರು ಮಾತ್ರ ಹೊಳೆನರಸೀಪುರದ ಅಗ್ನಿಶಾಮಕ ಠಾಣೆಯವರು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ಪಂಚಾಯಿತಿಯ ನೀರುಗಂಟಿ. ಅಧಿಕಾರವೆಲ್ಲ ದೂರದಲ್ಲಿ, ಅಪಾಯವೆಲ್ಲ ಹತ್ತಿರದಲ್ಲಿ.

ಹಳ್ಳಿಯ ಜೀವಕ್ಕೆ ಕಡಿಮೆ ತೂಕವೆಂಬುದು ಮಾನದಂಡದಲ್ಲೇ ಬರೆದಿದೆ. ಅನಿಲ ಕೊಳವೆ ಹಾದುಹೋಗುವ ಪ್ರದೇಶವನ್ನು ಸುತ್ತಲಿನ ಮನೆಗಳ ಸಂಖ್ಯೆಗೆ ತಕ್ಕಂತೆ ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮನೆ ಕಡಿಮೆಯಿದ್ದಷ್ಟೂ ಕೊಳವೆಯ ಗೋಡೆ ತೆಳುವಾಗಿರಬಹುದು, ಅನಿಲವನ್ನು ತಡೆದು ನಿಲ್ಲಿಸುವ ವಾಲ್ವುಗಳು ದೂರ ದೂರವಿರಬಹುದು. ಮನೆಗಳು ಒತ್ತಾಗಿರುವ ನಗರದಲ್ಲಿ 8 ಕಿ.ಮೀ.ಗೆ ಒಂದು ವಾಲ್ವ್ ಬೇಕು. ಹೊಲಗದ್ದೆಯ ಸೀಮೆಯಲ್ಲಿ 32 ಕಿ.ಮೀ.ಗೆ ಒಂದಿದ್ದರೆ ಸಾಕು. ಹೆಚ್ಚುಕಡಿಮೆ ಹಾಸನದಿಂದ ಹೊಳೆನರಸೀಪುರಕ್ಕೆ ಇರುವಷ್ಟು ದೂರ. ಎರಡೂ ತುದಿಯ ವಾಲ್ವುಗಳನ್ನು ಮುಚ್ಚಿದ ಮೇಲೂ ನಡುವಿನ ಅನಿಲವೆಲ್ಲ ಉರಿದು ತೀರಬೇಕು. ಎಂಜಿನಿಯರುಗಳಿಗೆ ಇದು ಲೆಕ್ಕಾಚಾರ. ಹೊಲದ ನಡುವೆ ಒಂಟಿ ಮನೆ ಮಾಡಿಕೊಂಡವನಿಗೆ ಇದು ಅವನ ಸಂಸಾರದ ಬೆಲೆ.

ಅಪಾಯದ ಬಗೆಯನ್ನಾದರೂ ಜನರಿಗೆ ತಿಳಿಸಲಾಗಿದೆಯೇ? ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೇರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ನೀರಿನಂತೆ ತಗ್ಗು ಹುಡುಕಿ ಕಾಲುವೆ, ಬಾವಿ, ಚರಂಡಿಗಳಲ್ಲಿ ನಿಲ್ಲುತ್ತದೆ. ಒಂದಕ್ಕೆ ಹೇಳುವ ಎಚ್ಚರಿಕೆ ಇನ್ನೊಂದಕ್ಕೆ ಸಾಲದು. ಮನೆಯ ಸಿಲಿಂಡರಿನ ಅನಿಲಕ್ಕೆ ಬೆರೆಸುವ ದುರ್ವಾಸನೆಯ ದ್ರವ್ಯವನ್ನು ದೂರಸಾಗಣೆಯ ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ ಬೆರೆಸಿರುವುದಿಲ್ಲ. ಆದ್ದರಿಂದ ಮೂಗನ್ನು ನಂಬುವಂತಿಲ್ಲ. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚುಹಾಕಿ ಶಾಲೆಗಳ ಗೋಡೆಗೆ ಅಂಟಿಸಲು ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ.

ಕೇಳುವ ಅವಕಾಶವೂ ಕಿರಿದಾಗಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ತೈಲ ಮತ್ತು ಅನಿಲ ಕೊಳವೆಗಳಿಗೆ ಪರಿಸರ ಅನುಮತಿ ಬೇಕೆಂದು ಹೇಳುವುದು ಅವು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಹಾಯುವಾಗ ಮಾತ್ರ. ಘಟ್ಟದ ಕಾಡಿಗೆ ಇರುವ ಆ ಅಷ್ಟಿಷ್ಟು ರಕ್ಷಣೆ ಹೇಮಾವತಿ ಬಯಲಿನ ಹಳ್ಳಿಗಿಲ್ಲ. ಪರಿಸರ ಚಳವಳಿಗಳೂ ಇಲ್ಲಿ ತಮ್ಮನ್ನು ಪ್ರಶ್ನಿಸಿಕೊಳ್ಳಬೇಕು. ಕಾಡಿನ ಮರಕ್ಕಾಗಿ ಎತ್ತಿದ ಧ್ವನಿಯನ್ನು ಗದ್ದೆಯ ಬದುವಿನ ಮನುಷ್ಯನಿಗಾಗಿ ಎಷ್ಟು ಬಾರಿ ಎತ್ತಲಾಗಿದೆ?

ಬೇರೆ ದಾರಿಯಿಲ್ಲವೇ?

2010ರ ಸೆಪ್ಟೆಂಬರ್ 9ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರುನೋದಲ್ಲಿ 1956ರಲ್ಲಿ ಹೂಳಿದ್ದ 30 ಅಂಗುಲದ ಅನಿಲ ಕೊಳವೆ ಸಿಡಿದು 8 ಮಂದಿ ಸತ್ತರು. ಅನಿಲದ ಹರಿವನ್ನು ನಿಲ್ಲಿಸಲು 95 ನಿಮಿಷ ಬೇಕಾಯಿತು. ತನಿಖೆ ನಡೆಸಿದ್ದು ಇಂಧನ ಇಲಾಖೆಯಲ್ಲ, ಅಪಘಾತಗಳ ತನಿಖೆಗೆಂದೇ ಇರುವ ಸ್ವತಂತ್ರ ಮಂಡಳಿ. ಅದು ಕಂಪನಿಯ ತಪ್ಪು ದಾಖಲೆಗಳನ್ನು ಬಯಲಿಗೆಳೆದುದಲ್ಲದೆ, ಕಂಪನಿಯನ್ನು ನಂಬಿ ಕುಳಿತ ರಾಜ್ಯದ ನಿಯಂತ್ರಕರನ್ನೂ ಹೆಸರಿಸಿ ದೂಷಿಸಿತು. 2015ರಲ್ಲಿ ಕಂಪನಿಗೆ 160 ಕೋಟಿ ಡಾಲರ್ ದಂಡ ಬಿತ್ತು. 2016ರಲ್ಲಿ ನ್ಯಾಯಾಲಯದಲ್ಲಿ ಅದು ಅಪರಾಧಿಯೆಂದು ಸಾಬೀತಾಯಿತು. ಅಮೆರಿಕ ಆದರ್ಶವೆಂದಲ್ಲ; ಅಲ್ಲಿಯೂ ಎಂಟು ಜೀವಗಳಿಗಾಗಿ ಯಾವ ಅಧಿಕಾರಿಯೂ ಜೈಲು ಕಾಣಲಿಲ್ಲ. ಆದರೂ ಕಾವಲುಗಾರನನ್ನೇ ಕಟಕಟೆಯಲ್ಲಿ ನಿಲ್ಲಿಸಬಹುದೆಂಬುದು ಅಲ್ಲಿ ಕಂಡಿತು.

ಇಲ್ಲಿ ಆಗಬೇಕಾದುದು ಕಷ್ಟದ್ದೇನಲ್ಲ. ಸುರಕ್ಷತಾ ನಿರ್ದೇಶನಾಲಯವನ್ನು ಪೆಟ್ರೋಲಿಯಂ ಸಚಿವಾಲಯದಿಂದ ಬೇರ್ಪಡಿಸಿ ಸಂಸತ್ತಿಗೆ ಹೊಣೆಯಾಗಿಸಬೇಕು. ಕೊಳವೆಯನ್ನು ಪರೀಕ್ಷಿಸುವ ಹೊರಗಿನ ಸಂಸ್ಥೆಯನ್ನು ಕಂಪನಿ ಆರಿಸಬಾರದು, ಅದರ ಸಂಬಳವನ್ನು ಕಂಪನಿ ಎಣಿಸಿಕೊಡಬಾರದು. ಪ್ರತಿ ಭಾಗದ ಕೊಳವೆಗೆ ಹೊಣೆಗಾರನಾದ ಅಧಿಕಾರಿಯ ಹುದ್ದೆಯನ್ನು ಬಹಿರಂಗವಾಗಿ ಘೋಷಿಸಬೇಕು. ತಿಳಿದೂ ಕಡೆಗಣಿಸಿದ ತಪ್ಪಿಗೆ ಶಿಕ್ಷೆ ಆತನಿಗೇ ತಗುಲಬೇಕು. ಕೊಳವೆ ಹಾಯುವ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ನಕ್ಷೆ, ವಾಲ್ವಿನ ಸ್ಥಳ, ಕಳೆದ ಪರೀಕ್ಷೆಯ ದಿನಾಂಕ, ತುರ್ತು ದೂರವಾಣಿ ಸಂಖ್ಯೆ ಕನ್ನಡದಲ್ಲಿ ಇರಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳು ಅಣಕು ಕಾರ್ಯಾಚರಣೆಯನ್ನು ಕಂಪನಿಯ ಆವರಣದೊಳಗೆ ಮುಗಿಸದೆ ಊರೊಳಗೆ, ಊರಿನವರೊಡನೆ ನಡೆಸಬೇಕು. ಸೋರಿಕೆಯ ದೂರು ಕೊಟ್ಟವನಿಗೆ ಲಿಖಿತ ಉತ್ತರ ದೊರೆಯುವವರೆಗೆ ಆ ಭಾಗದ ಒತ್ತಡವನ್ನು ತಗ್ಗಿಸಬೇಕು.

ಇದೆಲ್ಲ ಅಭಿವೃದ್ಧಿಗೆ ಅಡ್ಡಿಯೆಂದು ಹೇಳುವವರು ಇದ್ದೇ ಇರುತ್ತಾರೆ. ಬೆಂಗಳೂರಿನ ಒಲೆ ಉರಿಯಬೇಕು, ನಿಜ. ಅದಕ್ಕಾಗಿ ಹಾಸನದ ಹೊಲ ತನ್ನ ಮಡಿಲನ್ನು ಕೊಟ್ಟಿದೆ. ಕೊಟ್ಟವನಿಗೆ ಕೇಳುವ ಹಕ್ಕೂ ಉಂಟು. ಗ್ರಾಮಸಭೆಯ ಮುಂದಿನ ಕಲಾಪದಲ್ಲಿ ಒಂದೇ ಒಂದು ವಿಷಯ ಸೇರಲಿ: ಈ ಪಂಚಾಯಿತಿಯ ನೆಲದಡಿಯಲ್ಲಿ ಏನಿದೆ, ಅದನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಎಂದು? ಉತ್ತರ ಬರದಿದ್ದರೆ ಆ ಮೌನವನ್ನೂ ನಡಾವಳಿಯಲ್ಲಿ ಬರೆಸಬೇಕು. ನಗರಂನಲ್ಲಿ ದೂರು ಮೊದಲೇ ಇತ್ತು, ಅದನ್ನು ಕೇಳುವ ಕಿವಿ ಇರಲಿಲ್ಲ.